ಶನಿವಾರ ಬೆಳಗಾವಿ, ಐತವಾರ ಖಾನಾಪುರ: ಇಕ್ಬಾಲ್‌ಭಾಯ್ ಅವರ ಕಾರ್ಟೂನ್

"ಬೆಕ್ಕು ಬಾವಿಗೆ ಬಿದ್ದಿಲ್ಲ ಮಕ್ಕಳ್ರ್ಯಾ, ಬರೇ ಇಣುಕಾಕತ್ತೈತಿ..."
ಹೀಗೇ ಅಂದಿದ್ದರಾ?
ಬೆಕ್ಕೋ... ನರಿಯೋ...
ಕೇಳೋಣವೆಂದರೆ ಅವರೇ ಇಲ್ಲ.

ಬೆಳಿಗ್ಗೆ ಫೋನ್ ಬಂತು. ಅನಗೋಳದ ಇಕ್ಬಾಲ್‌ಭಾಯ್ ಹೋದರಂತೆ.
ಯಾವ ಇಕ್ಬಾಲ್ ಎಂದು ಎರಡು ಸಲ ಕೇಳಿದೆ. ಬೇರೆ ಯಾರೋ ಇರಲಿ ಎಂದು...

ನಿಮ್ಮಲ್ಲಿ ಹಲವರಿಗೆ ಅವರ ಮುಖ ಗೊತ್ತಿರಲಿಕ್ಕಿಲ್ಲ. ಧ್ವನಿ ಗೊತ್ತು.
ಶನಿವಾರ ಸಂಜೆ ನಮ್ಮ ಕೇಬಲ್ ಚಾನೆಲ್‌ನಲ್ಲಿ ಒಂದು ತಾಸು ಕಾರ್ಟೂನ್.
ಟೇಪಿನಲ್ಲಿದ್ದದ್ದು ಇಂಗ್ಲಿಷ್. ಅದರ ಸೌಂಡ್ ಇಳಿಸಿ, ಮೈಕ್ ಹಿಡಿದು, ಅಲ್ಲೇ ಕುಳಿತು ಕನ್ನಡದಲ್ಲಿ ಮಾತಾಡುತ್ತಿದ್ದರು.
ಹೆಣ್ಣು ಪಾತ್ರಗಳೆಲ್ಲ ನನ್ನವು. ಆಗ ಎಂ.ಎ. ಓದುತ್ತಿದ್ದೆ.

ಐತವಾರ ಬೆಳಿಗ್ಗೆ ಅದೇ ಟೇಪು ಖಾನಾಪುರದ ಕೇಬಲ್‌ನಲ್ಲಿ.
ಟೇಪಿನೊಳಗೆ ನಮ್ಮ ಮಾತು ಇರುತ್ತಿರಲಿಲ್ಲವಲ್ಲ... ಅದಕ್ಕೇ ಟೇಪಿನ ಜೊತೆ ನಾವೂ ಪ್ಯಾಸೆಂಜರ್ ರೈಲು ಹತ್ತುತ್ತಿದ್ದೆವು.

ಒಮ್ಮೆ ಅಲ್ಲಿ ಟೇಪು ಸಿಕ್ಕಿಕೊಂಡಿತು. ಪರದೆ ತುಂಬ ಬಿಳಿ ಚುಕ್ಕೆ.
ನಾನು ಎದ್ದೆ. ಅವರು ಕೈಸನ್ನೆಯಲ್ಲೇ ಕೂರಿಸಿದರು.
ಚಿತ್ರವೇ ಇಲ್ಲದೆ ಇಪ್ಪತ್ತು ನಿಮಿಷ ಕಥೆ ಹೇಳಿದರು.
ಯಾರದೋ ಮನೆಯಿಂದ ಫೋನ್: "ಚಿತ್ರ ಆಮ್ಯಾಲೆ ಸುಧಾರಸ್ರಿ. ಮೊದಲ ಆ ಬೆಕ್ಕಿಂದು ಏನಾತು ಹೇಳ್ರಿ!"

ಆಮೇಲೆ ದಿನವಿಡೀ ಕಾರ್ಟೂನ್ ತೋರಿಸುವ ಚಾನೆಲ್‌ಗಳು ಬಂದವು.
ಮಕ್ಕಳಿಗೆ ದಿನವೂ ಐತವಾರವಾಯಿತು. ನಮ್ಮ ಒಂದು ತಾಸು ಯಾರಿಗೂ ಬೇಕಾಗಲಿಲ್ಲ.

ಇಕ್ಬಾಲ್‌ಭಾಯ್...
ಗಂಟಲಿನ ಆಪರೇಷನ್ ಆಗಿ ಎರಡು ವರ್ಷ ನೀವು ಮಾತಾಡಲಿಲ್ಲ.
ಹೋದ ತಿಂಗಳು ಬಂದಾಗ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಿರಿ.
"ನನ್ನ ಆವಾಜ್ ಯಾರಾದ್ರೂ ರೆಕಾರ್ಡ್ ಮಾಡಿಟ್ಟಾರೇನು? ಮೊಮ್ಮಗಳಿಗೆ ಕೇಳಸಬೇಕು. ನಿನಗ ಫೇಸ್‌ಬುಕ್‌ನ್ಯಾಗ ಭಾಳ ಮಂದಿ ಅದಾರಲ್ಲ ತಂಗಿ, ಒಂದ್ ಮಾತ್ ಕೇಳು."
ನಾಲ್ಕು ಸಾಲಿನ ಪೋಸ್ಟ್. ಅಷ್ಟೇ ಇತ್ತು ಕೆಲಸ.
ಹಾಕುತ್ತೇನೆ ಅಂದೆ...
ಪೇಪರ್ ವ್ಯಾಲ್ಯುಯೇಷನ್, ಸುಸ್ತು, ನಾಳೆ...
ಆ ವಾರವೇ ಎರಡು ಕವಿತೆ ಹಾಕಿದ್ದೇನೆ. ಈಗ ಸ್ಕ್ರೋಲ್ ಮಾಡಿದರೆ ಕಾಣುತ್ತವೆ.
ತಪ್ಪಾಯಿತು ಎನ್ನಲಿಕ್ಕೂ ದಣಿವಾಗಿದೆ ಭಾಯ್.

ಇನ್ನು ಯಾವ ಟ್ರೇನೂ ಹಿಡಿಯಬೇಕಿಲ್ಲ. ಆರಾಮಾಗಿ ಮಲಗಿ. ನಿಮ್ಮ ಜೀವಕ್ಕೆ ತಂಪಿರಲಿ.

ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ಹೊರಡುವಾಗ ಬಾಗಿಲಲ್ಲಿ ಬಾಜೂ ಮನೆಯ ಹೆಂಗಸು, ಓಣಿಗೆಲ್ಲ ಕಾಕು, ನಿಂತಿದ್ದರು. ತಡೆಯಲಾರದೆ ಅವರಿಗೆ ಇದೆಲ್ಲ ಹೇಳಿದೆ.
ಕಾಕು ಅಂದರು:
"ನಮ್ಮ ಹುಡುಗನ ಹುಟ್ಟಹಬ್ಬದ ಕ್ಯಾಸೆಟ್ ಐತ್ರೀ ಬಾಯಾರ. ಶೂಟಿಂಗ್ ಮಾಡೂಮುಂದ ಹಿಂದ ಟೀವಿ ಚಾಲೂ ಇತ್ತು. ಕೇಕ್ ಕೊಯ್ಯೂತನಕಾ ಇವರದ ಮಾತು. ನಾವು ಹಾಕ್ಕೊಂಡು ನಗತಿರ್ತೀವಿ... ಇವರಿಗಿ ಬೇಕಾಗಿತ್ತಂತ ನಮಗ ಯಾರರೆ ಹೇಳಬೇಕಲ್ರೀ?"