ಎಡಗಡೆಯ ಎಸಳು

ನಿನ್ನನ್ನು ಬೇಡ ಅಂದದ್ದು ನಮ್ಮೂರ ದೇವರು ರವಳನಾಥನಲ್ಲ, ವತ್ಸಲಾ — ನಾನು. ಹೋದ ಶ್ರಾವಣದಲ್ಲಿ ಇದನ್ನು ನಿನ್ನೆದುರಿಗೇ ಹೇಳಿದ್ದೇನೆ. ಆದರೆ ಅರ್ಧ ಹೇಳಿದೆ. ಅಪ್ಪನಿಗೆ ಹೆದರಿ ಹಾಗೆ ಮಾಡಿದೆ ಅಂದೆ. ಅದು ಸುಳ್ಳು. ಅಪ್ಪ, ಪಾಪ, ನಿನ್ನನ್ನು ಆಗಲೇ ಸೊಸೆ ಅಂತ ಕರೆಯುತ್ತಿದ್ದ. ಉಳಿದರ್ಧ ಈಗ ಹೇಳುತ್ತೇನೆ. ಕೇಳಿದ ಮೇಲೆ ಮುಖಕ್ಕೆ ಉಗಿಯಬೇಕು ಅನಿಸಿದರೆ ಉಗಿ.

ಕಣಕುಂಬಿ ಕಡೆಯ ನಮ್ಮೂರಲ್ಲಿ ಮದುವೆ ಅಂದರೆ ಮೊದಲು ಕೌಲ, ಅಂದರೆ ದೇವರ ಅಪ್ಪಣೆ, ಕೇಳಬೇಕು. ಗುಡಿಯ ಪೂಜೆ ಮಾಡುವ ನಮ್ಮ ಮನೆಯವರು ದೇವರ ಕಲ್ಲಿನ ಎದೆಗೆ, ಬಲಕ್ಕೊಂದು ಎಡಕ್ಕೊಂದು, ಹೂವಿನ ಎಸಳನ್ನು ನೀರಲ್ಲಿ ಅದ್ದಿ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ದೇವರು ಹೂಂ ಅಂದ. ಎಡಗಡೆಯದು ಬಿದ್ದರೆ ಮುಗಿಯಿತು, ಯಾರ ತಕರಾರೂ ನಡೆಯುವುದಿಲ್ಲ. ಇಷ್ಟು ನಿನಗೂ ಗೊತ್ತು. ಆಗ ನಿನಗೆ ಗೊತ್ತಿಲ್ಲದ್ದು ಹೆಬ್ಬೆರಳಿನ ಕೆಲಸ. ಎಸಳನ್ನು ಚೆನ್ನಾಗಿ ತೋಯಿಸಿ ಒತ್ತಿದರೆ ತಾಸುಗಟ್ಟಲೆ ಕಚ್ಚಿಕೊಂಡಿರುತ್ತದೆ. ನೀರು ಹಿಂಡಿ ಸುಮ್ಮನೆ ತಾಗಿಸಿಟ್ಟರೆ ಬೇಗ ಒಣಗಿ ಬೀಳುತ್ತದೆ. ಎರಡಕ್ಕೂ ಸಮ ನೀರು, ಸಮ ಒತ್ತು — ಅಪ್ಪ ಕಲಿಸಿದ್ದು ಇಷ್ಟೇ. ಆ ದಿನ ಅಪ್ಪನಿಗೆ ಜ್ವರ ಬಂದು, ಎಸಳು ನನ್ನ ಕೈಗೆ ಬಂತು.

ಮದುವೆಯಾಗುವ ಹುಡುಗನೇ ಕೌಲ ಹಚ್ಚುವುದು ಹೇಗೆ ಅಂತ ಯಾರೋ ಗೊಣಗಿದರು. ನಿನ್ನ ಅವ್ವ ನಕ್ಕಳು. “ಹಚ್ಚಲಿ ಬಿಡ್ರಿ! ಮೋಸ ಮಾಡಿದ್ರೂ ಬಲಕ್ಕ ಬೀಳೂಹಂಗ ಮಾಡ್ಯಾನು. ನಮ್ಮ ಹುಡುಗಿ ಮ್ಯಾಲ ಅಷ್ಟ ಜೀವ ಅದ ಅವಂದು.” ಎಲ್ಲರೂ ನಕ್ಕರು, ನೀನೂ ನಕ್ಕೆ. ಸಾಲಿಗೆ ಹೋಗುವಾಗ ಲಂಗದ ಮಡಿಲಲ್ಲಿ ಕವಳಿ ಹಣ್ಣು ಮುಚ್ಚಿ ತಂದು ನನ್ನೊಬ್ಬನಿಗೇ ಕೊಡುತ್ತಿದ್ದ ಹುಡುಗಿ ನೀನು. ನಾನೂ ನಗುತ್ತಲೇ ಎಡಗಡೆಯ ಎಸಳಿನ ನೀರನ್ನು ಹಿಂಡಿದೆ.

ಯಾಕೆ ಅಂದರೆ — ನನ್ನ ಸೋದರಮಾವ ಶಹರದ ಟಿಳಕವಾಡಿಯ ಒಂದು ಸಂಬಂಧ ಹೇಳಿದ್ದ. ಒಬ್ಬಳೇ ಮಗಳು, ಕೆಳಗೆ ಫ್ಯಾನು ಮಿಕ್ಸರ್ ಅಂಗಡಿ, ಮೇಲೆ ಮನೆ. ನನಗೆ ಅದು ಬೇಕಿತ್ತು. ಕೆಟ್ಟವನು ಅನಿಸಿಕೊಳ್ಳದೆ ನಿನ್ನಿಂದ ಬಿಡಿಸಿಕೊಳ್ಳುವುದೂ ಬೇಕಿತ್ತು. ಎಸಳು ಬಿದ್ದಾಗ ನಿನ್ನ ಅವ್ವ ನಿನ್ನ ಜಡೆ ಹಿಡಿದು ಎಬ್ಬಿಸಿದಳು, ಏನೋ ಪಾಪ ಮಾಡಿದ್ದೀಯ ಅಂತ ಊರ ಮುಂದೆಯೇ ಬಡಿದಳು. ನೀನು ನನ್ನ ಕಡೆ ನೋಡಿದೆ. “ದೇವರ ಇಚ್ಛಾ, ವತ್ಸಲಾ. ನಾ ಏನ ಮಾಡ್ಲಿ?” ಅಂದೆ. ಒಳಗೆ — ಹೇಳಿಬಿಡುತ್ತೇನೆ — ಒಳಗೆ ಹಗುರಾಗಿತ್ತು.

ಇನ್ನು, ನಿನಗೆ ಹೇಳಿಯೇ ಇಲ್ಲದ ಮಾತು. ಲೋಂಡಾದ ಆ ಬಸ್ ಡ್ರೈವರ್ ನೆನಪಿದ್ದಾನೆಯೇ? ನಿನ್ನನ್ನು ಒಪ್ಪಿ, ಸೀರೆಯ ಮಾತೂ ಆಗಿ, ಆಮೇಲೆ ಅವರು ಬರಲೇ ಇಲ್ಲ. ಅವನ ತಾಯಿ ಅಂಗಡಿ ಹುಡುಕಿಕೊಂಡು ನನ್ನ ಹತ್ತಿರ ಬಂದಿದ್ದಳು. “ಹುಡುಗಿಗೆ ದೇವರ ಎಡಕ್ಕ ಕೊಟ್ಟಾನಂತ, ಖರೇ ಏನ್ರಿ?” ಅಂದಳು. ಆಗ ನನಗೆ ಮದುವೆಯಾಗಿ ವರ್ಷವಾಗಿತ್ತು. ಒಂದು ‘ಇಲ್ಲ’ ಸಾಕಿತ್ತು. “ಖರೇ ಐತ್ರಿ, ನಾನ ಹಚ್ಚಿದ್ನಿ” ಅಂದೆ. ಆಕೆಗೆ ಚಹಾ ತರಿಸಿ ಕೊಟ್ಟೆ. ನೀನು ಇನ್ನೊಬ್ಬನ ಮನೆಗೆ ಹೋಗುವುದು ನನಗೆ ಸೇರಲಿಲ್ಲ. ನನಗೆ ಬೇಡವಾದವಳು ಬೇರೆಯವರಿಗೂ — ಥೂ, ಮುಂದೆ ಬರೆಯಲು ಆಗುವುದಿಲ್ಲ.

ನನ್ನ ಹೆಂಡತಿ ಕಾಯಿಲೆಯಲ್ಲಿ ಹೋದಮೇಲೆ, ಟಿಳಕವಾಡಿಯ ರೈಲ್ವೆ ಗೇಟ್ ಮುಚ್ಚಿದ್ದಾಗ ಪಕ್ಕದಲ್ಲಿ ನಿಂತಿದ್ದವಳು ನೀನು. ತಲೆ ಅರ್ಧ ನೆರೆತಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ, ಕೈಯಲ್ಲಿ ಫಾಲ್ ಹಚ್ಚಬೇಕಾದ ಸೀರೆಗಳ ಗಂಟು. “ಸೋಮ್ಯಾ, ಇನ್ನೂ ಉಗುರ ಕಡೀತಿ ಏನ?” ಅಂದೆ ನೀನು. ಗೇಟ್ ತೆರೆದರೂ ನಾವಿಬ್ಬರೂ ದಾಟಲಿಲ್ಲ. ಹಿಂದಿನ ರಿಕ್ಷಾದವನು ಬೈದ. ನನಗೆ ಅಷ್ಟು ಸುಖ ಆಗಿ ಎಷ್ಟೋ ಕಾಲವಾಗಿತ್ತು.

ಮದುವೆಯಾಗೋಣ ಅಂದಾಗ ನೀನು ಹಿಂದೆ ಸರಿದೆ. “ದೇವರ ಬ್ಯಾಡ ಅಂದದ್ದಕ್ಕ ನಾ ಹೆಂಗ ಹೂಂ ಅನ್ಲಿ?” ಆಗಲಾದರೂ ಬಾಯಿಬಿಡಬಹುದಿತ್ತು. ಮತ್ತೆ ಕೇಳೋಣ ಅಂದೆ. ಊರಿಗೆ ಕರೆದೊಯ್ದೆ, ಈ ಸಲ ಬಲಗಡೆಯ ಎಸಳಿನ ನೀರು ಹಿಂಡಿದೆ. ಅದು ಬಿದ್ದಾಗ ನೀನು ಮಗುವಿನ ಹಾಗೆ ಅತ್ತೆ.

ಮದುವೆಯಾದ ಮೇಲೆ ರಾಮತೀರ್ಥ ನಗರದ ನಮ್ಮ ಮನೆಯಲ್ಲಿ ನೀನು ದಿನಾ ಬೆಳಗ್ಗೆ ದೀಪ ಹಚ್ಚಿ, ಎರಡೂ ಗಲ್ಲ ಬಡಿದುಕೊಳ್ಳುತ್ತಿದ್ದೆ. “ಇಷ್ಟು ವರ್ಷ ನಿನ್ನ ಮ್ಯಾಲ ಸಿಟ್ಟ ಮಾಡಿದ್ನಿ, ತಪ್ಪಾತು ತಂದೆ, ತಪ್ಪಾತು” ಅಂತ ದೇವರಿಗೆ ಹೇಳುತ್ತಿದ್ದೆ. ಗಲ್ಲ ಕೆಂಪಾಗುವಷ್ಟು ಬಡಿದುಕೊಳ್ಳುತ್ತಿದ್ದೆ. ನಾನು ಬಾಜೂ ಕೋಣೆಯಲ್ಲಿ ಚಹಾ ಕುಡಿಯುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಶ್ರಾವಣದ ಒಂದು ದಿನ ತಡೆಯಲಾರದೆ, ಅಪ್ಪನ ನೆಪ ಮುಂದೆ ಮಾಡಿ, ಎರಡೂ ಸಲದ ಮೋಸ ಹೇಳಿಬಿಟ್ಟೆ.

ನೀನು ಅಳಲಿಲ್ಲ, ಕೂಗಾಡಲಿಲ್ಲ. “ಊರಿಗೆ ನಡಿ” ಅಂದೆ. ಖಾನಾಪುರದಲ್ಲಿ ಬಸ್ ಬದಲಿಸಿದೆವು. ಗುಡಿಯಲ್ಲಿ ಎಸಳು ನೀನೇ ಕಿತ್ತು ಕೊಟ್ಟೆ.

“ಹಚ್ಚ. ಎರಡಕ್ಕೂ ಸಮ ನೀರ. ನಾ ನಿನ್ನ ಸಂಗಾಟ ಇರ್ಬೇಕೋ ಬ್ಯಾಡೋ, ಕೇಳ.”

ಅಪ್ಪ ಕಲಿಸಿದ ಹಾಗೆ, ಹುಟ್ಟಿದಾಗಿನಿಂದ ಮೊದಲ ಸಲ, ಸರಿಯಾಗಿ ಹಚ್ಚಿದೆ. ಕೂತೆವು. ಎರಡೂ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ನೀನು ಎದ್ದೆ.

“ಬಲಕ್ಕ ಬಿದ್ರೂ ನೀನ ಬೀಳಿಸಿದಿ ಅಂತೀನಿ, ಎಡಕ್ಕ ಬಿದ್ರೂ ನೀನ ಅಂತೀನಿ. ಗಂಡನ ಮಾತ ಹಾಳಾಗಿ ಹೋಗ್ಲಿ — ನನಗ ದೇವರ್ನೂ ಉಳಿಸಲಿಲ್ಲಲ್ಲೋ ನೀ.”

ಅಷ್ಟೇ ಅಂದು ನೀನು ಹೊರಗೆ ನಡೆದೆ. ಖಾನಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಮತ್ತೆ ಸೀರೆಗೆ ಫಾಲ್ ಹಚ್ಚುತ್ತಿದ್ದೀಯ ಅಂತ ಕೇಳಿದ್ದೇನೆ. ದೀಪ ಹಚ್ಚುವುದನ್ನು ಬಿಟ್ಟಿದ್ದೀಯಂತೆ. ನಾನು ಅಲ್ಲಿಗೆ ಬರುವುದಿಲ್ಲ, ಬಾ ಅಂತ ಕರೆಯುವುದೂ ಇಲ್ಲ.

ಒಂದು ಮಾತು ಉಳಿದಿದೆ. ನೀನು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುವ ಸದ್ದು ಒಳಗೆ ಕೇಳಿಸುತ್ತಿತ್ತು. ಆಗ ಎಸಳು ಬಿತ್ತು. ನಾನು ಮುಟ್ಟಿರಲಿಲ್ಲ. ಕೂಗಿದ್ದರೆ ನಿನಗೆ ಕೇಳಿಸುತ್ತಿತ್ತು — ಬಾಯಿ ತೆರೆದೆ, ಮುಚ್ಚಿಕೊಂಡೆ.

ಬಿದ್ದದ್ದು ಬಲಗಡೆಯದು, ವತ್ಸಲಾ. ನೀನು ನಂಬುವುದಿಲ್ಲ. ನಂಬಲೂ ಬೇಡ.