ವಸ್ತಾದರು ಕೊಟ್ಟ ರಕ್ತ

ನಮ್ಮ ವಸ್ತಾದರ ಎರಡೂ ಕಿವಿಗಳು ಸುಟ್ಟ ಹಪ್ಪಳದಂತೆ ಮುದುಡಿದ್ದವು. ಕುಸ್ತಿ ಹಿಡಿದು ಹಿಡಿದು ಆದ ಕಿವಿ. ಹಾನಗಲ್ಲಿನ ಗರಡಿಮನೆಯಲ್ಲಿ ಅವರ ಕೈಕೆಳಗೆ ಮಣ್ಣು ಮೆತ್ತಿಕೊಂಡು ಕುಸ್ತಿ ಕಲಿತವರು ನಾವು. ಅವರ ಮನೆಗೆ ಹೋದರೆ ಬಾದಾಮಿ ಅರೆದ ಹಾಲು ಕುಡಿಸದೆ ಬಿಡುತ್ತಿರಲಿಲ್ಲ. ಬೇಡವೆಂದರೆ, "ಮೈಯಾಗ ಏನೈತಿ, ಬರೇ ಎಲುವು! ಕುಡಿ ಸುಮ್ನ" ಎಂದು ಗದರುತ್ತಿದ್ದರು. ಕಣದಲ್ಲಿ ಬಿದ್ದವನನ್ನು ಬೈಯುತ್ತಿರಲಿಲ್ಲ. ಬಿದ್ದು ನೆಪ ಹೇಳಿದವನ ಬೆನ್ನಿಗೆ ಮಾತ್ರ ಗುದ್ದು ಬೀಳುತ್ತಿತ್ತು.

ಹೋದ ವರ್ಷ ಉಸಿರು ಸಿಗದೆ ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. ಹೃದಯ ಸೋತಿತ್ತು. ಅಲ್ಲಿಯ ಸಂಶೋಧನೆಗೆ ರೋಗಿಗಳ ರಕ್ತ ತೆಗೆಯುವವನು ನಾನೇ. ಹೃದಯ ಹಠಾತ್ತನೆ ಸೋಲುವಾಗ ರಕ್ತದಲ್ಲಿ ಮೈಕ್ರೋಆರ್‌ಎನ್‌ಎ ಎಂಬ ಅತಿಸಣ್ಣ ಅಣುಗಳು ಏರುಪೇರಾಗುತ್ತವೆ. ಅವನ್ನು ನೋಡಿ ಮುಂದೆ ಈ ರೋಗವನ್ನು ಬೇಗ ಗುರುತಿಸಬಹುದೇ ಎಂಬುದು ನಮ್ಮ ಹುಡುಕಾಟ. ಕೊಟ್ಟವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಗುರುವಿನ ಮುಖ ನೋಡದೆ ಇದನ್ನು ಹೇಳಿದೆ.

ದಿಂಬಿಗೆ ಒರಗಿ ಏದುಸಿರು ಬಿಡುತ್ತಿದ್ದವರು ತೋಳು ಚಾಚಿದರು. "ನನಗ ಆಗ್ಲಿಲ್ಲಂದ್ರ ಮತ್ತೊಬ್ಬಗ ಆಗ್ತೈತಿ. ತಗೋ. ಯಾಕ ಅಂಜಾಕತ್ತಿ?"

ಅಂಜಿದ್ದು ನಿಜ. ಮೊದಲ ಸಲ ನರ ತಪ್ಪಿತು. ಮತ್ತೆ ಚುಚ್ಚಿ, ಅವಸರದಲ್ಲಿ ಸಿರಿಂಜನ್ನು ಜೋರಾಗಿ ಎಳೆದೆ. ಹಾಗೆ ಎಳೆದರೆ ರಕ್ತದ ಕೆಂಪು ಕಣಗಳು ಒಡೆದು, ಅವುಗಳೊಳಗಿನ ಅಣುಗಳೂ ಬೆರೆತು ಪರೀಕ್ಷೆಯೇ ಕೆಡುತ್ತದೆ. ಯಂತ್ರದಲ್ಲಿ ತಿರುಗಿಸಿದ ಮೇಲೆ ತಿಳಿಹಳದಿಯಾಗಿ ಬರಬೇಕಿದ್ದ ದ್ರವ ಕೆಂಪಗೆ ಬಂತು. ಚೆಲ್ಲಿದೆ. ಮತ್ತೊಮ್ಮೆ ಕೇಳಲು ನನಗೆ ಮುಖವಿರಲಿಲ್ಲ.

ಅವರೋ, ಇದು ತಿಳಿಯದೆ, ನೋಡಲು ಬಂದವರಿಗೆಲ್ಲ ರಕ್ತ ಕೊಟ್ಟಿದ್ದನ್ನೇ ಹೇಳಿದರು. "ನನ್ನ ರಕ್ತ ದೊಡ್ಡ ಕೆಲಸಕ್ಕ ಹೋಗೇತ್ರಿ. ತಗದಾಂವ ನಮ್ಮ ಹುಡುಗನ!" ಸವಣೂರು, ಶಿಗ್ಗಾಂವಿ ಕಡೆಯ ಹಳೆಯ ಪೈಲ್ವಾನರು ನನ್ನ ಬೆನ್ನು ತಟ್ಟಿದರು. ಥೂ, ನನ್ನ ಜನ್ಮಕ್ಕಿಷ್ಟು! ಹಲ್ಲು ಕಿರಿದು ನಿಂತೆ. ಸ್ವಲ್ಪ ದಿನದಲ್ಲೇ ಅವರು ತೀರಿಕೊಂಡರು. ನಿಜ ಹೇಳಲು ಅವರ ಹಾಸಿಗೆಯ ತನಕ ಹೋಗಿ ಹೋಗಿ ವಾಪಸು ಬಂದಿದ್ದೆ.

ಮಣ್ಣು ಮಾಡಿ ಬಂದ ಮೇಲೆ ಅವರ ಹೆಂಡತಿ, ನಾವೆಲ್ಲ ಅವ್ವ ಎನ್ನುವವರು, ಎಲ್ಲರ ಎದುರು ನನ್ನ ಕೈ ಹಿಡಿದುಕೊಂಡರು.

"ತಮ್ಮಾ, ಅವರ ರಕ್ತ ಇನ್ನೂ ನಿನ್ನ ಹತ್ರ ಐತಲ್ಲಾ?"

"ಐತಿ, ಅವ್ವಾ" ಎಂದುಬಿಟ್ಟೆ.

"ಅಷ್ಟರೆ ಉಳದೈತಲ್ಲ. ಒಮ್ಮಿ ಬರ್ತೇನಿ, ತೋರ್ಸು" ಎಂದರು.

ನಾಳೆ ಬೆಳಗಿನ ಬಸ್ಸಿಗೆ ಬರುತ್ತಿದ್ದಾರೆ.