ಪೂರ್ತಿ ಹೇಳಮ್ಮ

ಫ್ರೇಜರ್ ಟೌನಿನ ಆ ಇಂಗ್ಲಿಷ್ ಟೀಚರ್ ತಮ್ಮ ಮನೆಯಲ್ಲೇ ನಮ್ಮನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಕೆಟ್ಟುಹೋದ ಫೋನುಗಳನ್ನು ಕೈಗೆ ಕೊಟ್ಟು ಮಾತಾಡಿಸುತ್ತಿದ್ದರು. ಒಬ್ಬಳು ಅಂಗಡಿಯವಳು, ಇನ್ನೊಬ್ಬಳು ಗಿರಾಕಿ. ಕೆಲಸ ಹುಡುಕಿಕೊಂಡು ಕಲಬುರಗಿಯಿಂದ ಬಂದಿದ್ದ ನನಗೆ ಆ ಆಟದಲ್ಲೂ ಬಾಯಿ ಒಣಗುತ್ತಿತ್ತು. ಬರೀ 'ಎಸ್' ಅಂದು ತಪ್ಪಿಸಿಕೊಂಡರೆ ಅವರು ಸ್ಕೇಲಿನಿಂದ ಮೇಜು ಕುಟ್ಟಿ, "ಪೂರ್ತಿ ಹೇಳಮ್ಮ" ಅನ್ನುತ್ತಿದ್ದರು.

ತಮ್ಮ ಗಂಡ ಐಸಿಯುನಲ್ಲಿದ್ದಾಗಲೂ ಅವರು ಪಾಠ ತಪ್ಪಿಸಲಿಲ್ಲ. ಒಂದು ಸಂಜೆ ಮನೆಯ ನಿಜವಾದ ಫೋನು ಹೊಡೆದುಕೊಂಡಿತು. ಟೀಚರ್ ಕದಲಲಿಲ್ಲ.

"ನೀನೇ ಎತ್ತು," ಅಂದರು ನನಗೆ.

ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಹೇಳಿದ್ದು, ಅವತ್ತೇ ಮೊದಲ ಸಲ, ಒಂದು ಮಾತೂ ಬಿಡದೆ ನನಗೆ ಅರ್ಥವಾಯಿತು. ಫೋನಿಟ್ಟು ತಿರುಗಿದೆ.

"ಮಿಸ್, ಸರ್ರು..."

ಅವರು ಸ್ಕೇಲನ್ನು ಎದೆಗೆ ಒತ್ತಿಕೊಂಡರು.

"ಪೂರ್ತಿ ಹೇಳ್ಬೇಡಮ್ಮ."